ಮುದ್ರೆ ನನ್ನದೇ, ಕಾಗದ ನನ್ನದಲ್ಲ

(ಬೀದರಿನ ಒಂದು ಕಾಲೇಜಿನಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿನ ನಡುವೆ ತಲೆಯ ಮೇಲೆ ವಾಯುಪಡೆಯ ತರಬೇತಿಯ ಹಾಕ್ ವಿಮಾನ ಹೋದರೆ ನಾನು ಸುಮ್ಮನಾಗುತ್ತೇನೆ. ಬೀದರಿನಲ್ಲಿ ಪಾಠ ಮಾಡುವವರಿಗೆ ಇದು ಅಭ್ಯಾಸ ಆಗಿಬಿಟ್ಟಿದೆ, ಅಲ್ವಾ? ಅರ್ಧ ವಾಕ್ಯಕ್ಕೆ ನಿಲ್ಲಿಸುವುದು, ಸದ್ದು ದಾಟಿದ ಮೇಲೆ ಅಲ್ಲಿಂದಲೇ ಹಿಡಿಯುವುದು. ಕೇಳುವವರೂ ಹಾಗೇ. ಬಿಟ್ಟ ಜಾಗ ಇಬ್ಬರಿಗೂ ನೆನಪಿರುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದರಲ್ಲಿ ಅರ್ಧ ಇದರಲ್ಲೇ ಇದೆ.

ನಾನು ಹುಮನಾಬಾದ್ ಕಡೆಯವನು. ವಾಯುಪಡೆಯಲ್ಲಿ ಸಂಪರ್ಕದ ಕೆಲಸ ಮಾಡಿ ನಿವೃತ್ತನಾದವನು. ಆಹ್ವಾನ ಪತ್ರಿಕೆಯಲ್ಲಿ ಬರೆದಿರುವ ವಿಷಯ 'ಬೃಹತ್ ಸೇನಾ ಜಾಲಗಳಲ್ಲಿ ಮಾಹಿತಿ ಹಂಚಿಕೆ ಮತ್ತು ನಿರ್ವಹಣೆ'. ಓದಿದರೇ ನಿದ್ದೆ ಬರುತ್ತದೆ. ಮುಂದಿನ ಸಾಲಿನ ಹುಡುಗರು ಗುಟ್ಟು ಏನಾದರೂ ಬೀಳುತ್ತದೆಯೇ ಎಂದು ಫೋನ್ ಹಿಡಿದು ಕೂತಿದ್ದೀರಿ. ಇಲ್ಲ ಕಣ್ರೀ, ಒಂದೂ ಬೀಳುವುದಿಲ್ಲ. ನಾನು ಹೇಳುವುದೆಲ್ಲ ಈಗಾಗಲೇ ಬಹಿರಂಗ ಆಗಿರುವಂಥದ್ದು. ನನ್ನದೇ ಒಂದು ಪ್ರಸಂಗ ಹೇಳುತ್ತೇನೆ, ಆದರೆ ಊರು, ವರ್ಷ ಕೇಳಬೇಡಿ.

ಜನ ಏನೆಂದುಕೊಂಡಿದ್ದಾರೆ ಅಂದರೆ, ಸೈನ್ಯದ ಕಷ್ಟ ಸುದ್ದಿ ತಲುಪಿಸುವುದರಲ್ಲಿದೆ ಅಂತ. ತಂತಿ ಎಳೆಯುವುದು, ಟವರ್ ನಿಲ್ಲಿಸುವುದು, ಉಪಗ್ರಹ ಹಾರಿಸುವುದು. ಅದು ಕಷ್ಟವೇ. ದುಡ್ಡು ಬೇಕು, ಹಿಮದಲ್ಲಿ ನಿಲ್ಲುವ ಜನ ಬೇಕು. ಆದರೆ ಅದು ಬಗೆಹರಿಯುವ ಕಷ್ಟ. ಸುದ್ದಿ ತಲುಪಿದ ಮೇಲೆ ಶುರುವಾಗುವ ಕಷ್ಟ ಇದೆಯಲ್ಲ, ಅದು ಬೇರೆ ಜಾತಿಯದು.

ಊರ ನಡುವೆ ನಮ್ಮ ಚೌಬಾರಾ ಇದೆ. 71 ಅಡಿ ಎತ್ತರದ ಗುಂಡು ಗೋಪುರ. ಮೇಲೆ ಒಬ್ಬ ಕಾವಲುಗಾರ ನಿಂತಿದ್ದಾನೆ ಅಂದುಕೊಳ್ಳಿ. ದೂರದಲ್ಲಿ ಧೂಳು ಕಾಣಿಸಿತು, ಕೂಗಿದ, ಕೆಳಗಿನವನು ಕೋಟೆಗೆ ಓಡಿದ. ಕೂಗಿದವನ ದನಿ ಕೆಳಗಿನವನಿಗೆ ಗೊತ್ತು. 'ಆ ಕಡೆ' ಅಂದರೆ ಯಾವ ಕಡೆ ಅಂತಲೂ ಗೊತ್ತು. ಇಬ್ಬರೂ ಅದೇ ಊರಿನ ನೀರು ಕುಡಿದವರು. ಇಂಥಲ್ಲಿ ಮಾಹಿತಿ ನಿರ್ವಹಣೆ ಎಂಬ ಮಾತೇ ಬೇಕಿಲ್ಲ.

ಈಗ ಗೋಪುರಗಳನ್ನು ಹೆಚ್ಚಿಸುತ್ತಾ ಹೋಗಿ. ಹತ್ತು ಠಾಣೆ ಇದ್ದರೆ, ಪ್ರತಿಯೊಂದೂ ಉಳಿದವುಗಳ ಜೊತೆ ಮಾತಾಡಲು 45 ಜೋಡಿ. ನೂರು ಇದ್ದರೆ 4,950. ಸಾವಿರ ಇದ್ದರೆ ಸುಮಾರು ಐದು ಲಕ್ಷ. ಠಾಣೆ ನೂರು ಪಟ್ಟು ಹೆಚ್ಚಿದರೆ ಜೋಡಿ ಹತ್ತು ಸಾವಿರ ಪಟ್ಟಿಗೂ ಮೇಲೆ. ಇದು ಪಿಯುಸಿ ಗಣಿತ. ಆದರೆ ಈ ಐದು ಲಕ್ಷ ಜೋಡಿಗಳಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. 'ಆ ಕಡೆ' ಅಂದರೆ ಯಾವ ಕಡೆ ಎಂದು ತಿಳಿಯುವುದಿಲ್ಲ. ಒಂದೇ ವಿಮಾನವನ್ನು ನಾಲ್ಕು ಜನ ನೋಡಿ ನಾಲ್ಕು ಕಡೆಯಿಂದ ಹೇಳಿದರೆ, ಕೇಳಿಸಿಕೊಂಡವನ ಲೆಕ್ಕದಲ್ಲಿ ನಾಲ್ಕು ವಿಮಾನ.

ಈ ತೊಂದರೆಯನ್ನು ಮೊದಲು ಸರಿಯಾಗಿ ಹಿಡಿದವರಲ್ಲಿ ಬ್ರಿಟನ್ನಿನ ಯುದ್ಧವಿಮಾನ ಪಡೆಯ ಮುಖ್ಯಸ್ಥ ಹ್ಯೂ ಡೌಡಿಂಗ್ ಒಬ್ಬ. 1940ರ ಮಾತು. ಜರ್ಮನಿಯ ವಿಮಾನಗಳು ಕಡಲು ದಾಟಿ ಬರುತ್ತಿದ್ದವು. ಬ್ರಿಟನ್ ಗೆದ್ದದ್ದು ರಾಡಾರ್‌ನಿಂದ ಅಂತ ಎಲ್ಲರೂ ಹೇಳುತ್ತಾರೆ. ರಾಡಾರ್ ಜರ್ಮನಿಯ ಹತ್ತಿರವೂ ಇತ್ತು. ಡೌಡಿಂಗ್ ಹತ್ತಿರ ಜಾಸ್ತಿ ಇದ್ದದ್ದು ಒಂದು ಕೋಣೆ.

ಲಂಡನ್ ಹೊರಗೆ ಬೆಂಟ್ಲಿ ಪ್ರಯರಿ ಎಂಬ ದೊಡ್ಡ ಮನೆ. ಅಲ್ಲಿ 'ಫಿಲ್ಟರ್ ರೂಮ್'. ಕರಾವಳಿಯ ರಾಡಾರ್ ಠಾಣೆಗಳ ವರದಿಯೆಲ್ಲ ಮೊದಲು ಅಲ್ಲಿಗೆ ಬರಬೇಕು. ರಾಡಾರ್‌ಗಳ ಮುಖ ಕಡಲಿನ ಕಡೆಗೆ. ವಿಮಾನ ನೆಲದ ಮೇಲೆ ಬಂದಮೇಲೆ ಬೈನಾಕ್ಯುಲರ್ ಹಿಡಿದು ಹೊಲ, ಗುಡ್ಡಗಳಲ್ಲಿ ಕೂತ ವೀಕ್ಷಕರೇ ಗತಿ. ಫಿಲ್ಟರ್ ರೂಮಿನಲ್ಲಿ ದೊಡ್ಡ ಮೇಜು, ಅದರ ಮೇಲೆ ನಕ್ಷೆ, ಸುತ್ತ ಹೆಡ್‌ಫೋನ್ ಹಾಕಿಕೊಂಡ ಹೆಣ್ಣುಮಕ್ಕಳು. ಒಂದು ಠಾಣೆ ಇಲ್ಲಿ ಅನ್ನುತ್ತದೆ, ಪಕ್ಕದ್ದು ಸ್ವಲ್ಪ ಆಚೆ ಅನ್ನುತ್ತದೆ. ಒಂದು ಹನ್ನೆರಡು ವಿಮಾನ ಅಂದರೆ ಇನ್ನೊಂದು ಇಪ್ಪತ್ತು. ಇವೆರಡೂ ಒಂದೇ ಗುಂಪೋ ಬೇರೆಯೋ ಎಂದು ಅಲ್ಲಿ ತೀರ್ಮಾನ. ಜರಡಿ ಹಿಡಿದು ಉಳಿದದ್ದು ಮಾತ್ರ ಕಾರ್ಯಾಚರಣೆ ಕೋಣೆಗೆ ಹೋಗುತ್ತಿತ್ತು. ಇದರಿಂದ ತಡ ಆಗುತ್ತದೆ, ನೇರವಾಗಿ ಕೊಡಿ ಅಂತ ಆಗಲೇ ತಕರಾರು ಇತ್ತು. ತಡ ಆಗುತ್ತಿದ್ದದ್ದು ನಿಜವೇ. ಆದರೂ ಡೌಡಿಂಗ್ ಒಪ್ಪಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಅಲ್ಲಿನ ಗಡಿಯಾರ. ಗೋಡೆಯ ಮೇಲಿನ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಒಂದು ಬಣ್ಣ. ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು. ಮುಳ್ಳು ಯಾವ ಬಣ್ಣದ ಮೇಲಿದೆಯೋ ಆ ಬಣ್ಣದ ಬಿಲ್ಲೆಯನ್ನೇ ಮೇಜಿನ ಮೇಲೆ ಇಡಬೇಕು. ಈಗ ಮುಳ್ಳು ನೀಲಿಯ ಮೇಲಿದೆ, ಆದರೆ ಮೇಜಿನ ಮೇಲೆ ಒಂದು ಕೆಂಪು ಬಿಲ್ಲೆ ಕೂತಿದೆ ಅಂದರೆ ಅದು ಹಳಸಿದ ಸುದ್ದಿ. ಯಾರೂ ಹೇಳಬೇಕಿಲ್ಲ, ಓದಬೇಕಿಲ್ಲ. ಮೇಲಿನ ಜಗಲಿಯಲ್ಲಿ ನಿಂತ ಅಧಿಕಾರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಅನ್ನ ಹಳಸಿದ್ದು ಮೂಗಿಗೆ ಗೊತ್ತಾಗುತ್ತದೆ. ಸುದ್ದಿ ಹಳಸಿದ್ದಕ್ಕೆ ವಾಸನೆ ಇಲ್ಲ. ಅವರು ಅದಕ್ಕೆ ಬಣ್ಣ ಕೊಟ್ಟರು. ಇವತ್ತಿನ ಎಷ್ಟೋ ಕಂಪ್ಯೂಟರ್ ಪರದೆಗಳಲ್ಲಿ ಈ ಒಂದು ಬುದ್ಧಿ ಇಲ್ಲ. ಹತ್ತು ಸೆಕೆಂಡ್ ಹಿಂದಿನ ಚುಕ್ಕೆಯೂ ಹತ್ತು ನಿಮಿಷ ಹಿಂದಿನ ಚುಕ್ಕೆಯೂ ಒಂದೇ ಹಸಿರಿನಲ್ಲಿ ಹೊಳೆಯುತ್ತಿರುತ್ತವೆ.

ಔರಾದ್ ಕಡೆಯ ಹುಡುಗ ಯಾರಾದರೂ ಇದ್ದೀರಾ? ಹಾಂ, ಹಿಂದೆ ಇಬ್ಬರು. ನಿಮಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಸಿಗ್ನಲ್ ಸಿಗದ ಹೊಲದಲ್ಲಿ ಅರ್ಧ ದಿನ ಇದ್ದು ರಸ್ತೆಗೆ ಬಂದ ತಕ್ಷಣ ವಾಟ್ಸಾಪಿನಲ್ಲಿ ದಬದಬ ಸುರಿಯುತ್ತದೆ. 'ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಬೇಗ ಬಾ'. ನೀವು ಬೈಕ್ ತಿರುಗಿಸುತ್ತೀರಿ. ಕೆಳಗೆ ಹದಿನೈದನೇ ಮೆಸೇಜು, 'ಏನಿಲ್ಲ, ಮನೆಗೆ ಕರಕೊಂಡು ಬಂದೆವು'. ಯುದ್ಧಭೂಮಿಯ ನೆಟ್‌ವರ್ಕ್ ಇಡೀ ಔರಾದ್ ಹೊಲದ ಹಾಗೆ ಅಂದುಕೊಳ್ಳಿ. ಬೆಟ್ಟ ಅಡ್ಡ ಬರುತ್ತದೆ. ಶತ್ರು ಬೇಕೆಂದೇ ರೇಡಿಯೋ ಕೆಡಿಸುತ್ತಾನೆ. ಕೆಲವು ಸಲ ನಾವೇ ಬಾಯಿ ಮುಚ್ಚಿಕೊಂಡಿರಬೇಕು, ಮಾತಾಡಿದರೆ ಎಲ್ಲಿದ್ದೇವೆ ಎಂದು ತಿಳಿಯುತ್ತದೆ. ಸಂಪರ್ಕ ಮತ್ತೆ ಬಂದಾಗ ತಡೆದಿಟ್ಟದ್ದೆಲ್ಲ ಒಟ್ಟಿಗೆ ನುಗ್ಗುತ್ತದೆ. ಆಗ ಯಾವುದನ್ನು ಮೊದಲು ಬಿಡಬೇಕು? ಮೊದಲು ಬಂದದ್ದನ್ನೋ, ಈಗಿನದ್ದನ್ನೋ? ಒಂದು ಜವಾನನ ರಜೆ ಅರ್ಜಿ, ಒಂದು ಡೀಸೆಲ್ ಲೆಕ್ಕ, ಒಂದು ಕ್ಷಿಪಣಿಯ ಎಚ್ಚರಿಕೆ. ಮೂರೂ ಅದೇ ಸಣ್ಣ ಕೊಳವೆಯಲ್ಲಿ ಬರಬೇಕು. ಎಲ್ಲರೂ ತಮ್ಮ ಮೆಸೇಜಿಗೆ 'ಅತಿ ತುರ್ತು' ಅಂತ ಹಾಕಿಬಿಟ್ಟರೆ ತುರ್ತು ಎಂಬ ಮಾತಿಗೆ ಬೆಲೆ ಉಳಿಯುವುದಿಲ್ಲ. ಇದು ಬರೀ ಊಹೆ ಅಲ್ಲ, ಕಂಡದ್ದು.

ಈಗ ಹೆಸರಿನ ವಿಷಯ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನು ಗುಮಾಸ್ತರ ಕೆಲಸ ಅಂತ ಹಗುರ ಮಾಡುತ್ತಾರೆ.

2014ರ ನವೆಂಬರ್ 1ರಿಂದ ಗುಲ್ಬರ್ಗಾ ಕಲಬುರಗಿ ಆಯಿತು. ನನ್ನ ವಯಸ್ಸಿನವರ ಬಾಯಲ್ಲಿ ಇನ್ನೂ ಗುಲ್ಬರ್ಗಾನೇ. ನಮಗೆ ಗೊಂದಲ ಇಲ್ಲ. ಆದರೆ ಕಂಪ್ಯೂಟರಿಗೆ ಅವು ಎರಡು ಊರು. ಹಳೆ ಕಡತ ಒಂದು ಹೆಸರಲ್ಲಿ, ಹೊಸದು ಇನ್ನೊಂದರಲ್ಲಿ. ಒಂದರಲ್ಲಿ ಹುಡುಕಿದರೆ ಅರ್ಧವೇ ಸಿಗುತ್ತದೆ, ಉಳಿದರ್ಧ ಇದೆ ಅಂತಲೂ ಅದು ಹೇಳುವುದಿಲ್ಲ. ಇದರ ತಿರುಗಾಮುರುಗಾ ಹೈದರಾಬಾದ್. ಒಂದು ಇಲ್ಲೇ ಪಕ್ಕದಲ್ಲಿದೆ, ಇನ್ನೊಂದು ಪಾಕಿಸ್ತಾನದ ಸಿಂಧ್‌ನಲ್ಲಿ. ನಮ್ಮ ಹೈದರಾಬಾದಿನ ರೈಲು ನಿಲ್ದಾಣದ ಹೆಸರಲ್ಲಿ 'ದಕ್ಕನ್' ಅಂತ ಬಾಲ ಇದ್ದದ್ದು ಸುಮ್ನೆ ಅಲ್ಲ.

ನನ್ನ ಪ್ರಸಂಗ ಇಲ್ಲೇ ಹೇಳಿಬಿಡುತ್ತೇನೆ. ಒಂದು ಅಭ್ಯಾಸದ ಸಮಯ. 'ಹಳೆ ಸೇತುವೆಯ ಹತ್ತಿರ ಸೇರಿ' ಅಂತ ಗಾಡಿಗಳಿಗೆ ಸುದ್ದಿ ಕಳಿಸಿದೆ. ಸುದ್ದಿ ಹೋಯಿತು, ತಲುಪಿತು, ತಲುಪಿದೆ ಎಂದು ಉತ್ತರವೂ ಬಂತು. ಗಾಡಿಗಳು ಮಾತ್ರ ಬರಲಿಲ್ಲ. ಆದದ್ದೇನೆಂದರೆ, ಆ ಹೊಳೆಗೆ ಮೂರನೇ ಸೇತುವೆ ಬಂದಿತ್ತು. ಅದು ಬಂದಮೇಲೆ ಮೊದಲು ಹೊಸ ಸೇತುವೆ ಅಂತಿದ್ದದ್ದನ್ನು ಊರವರು ಹಳೆ ಸೇತುವೆ ಅನ್ನತೊಡಗಿದ್ದರು. ಚಾಲಕರು ಊರವರನ್ನು ಕೇಳಿಕೊಂಡು ಅಲ್ಲಿಗೆ ಹೋಗಿದ್ದಾರೆ. ನಮ್ಮ ನಕ್ಷೆಯಲ್ಲಿ ಹಳೆ ಸೇತುವೆ ಅಂದರೆ ಇನ್ನೂ ಹಳೆಯದು. ನಾಲ್ಕು ಗಂಟೆ ಇಬ್ಬರೂ ಕಾದೆವು, ಇಬ್ಬರೂ ಸರಿಯಾದ ಜಾಗದಲ್ಲೇ. ಅವತ್ತಿನಿಂದ ನಾನು 'ಹಳೆ', 'ಹೊಸ', 'ಆಚೆ', 'ದೊಡ್ಡ' ಈ ನಾಲ್ಕು ಮಾತು ಸುದ್ದಿಯಲ್ಲಿ ಬರೆದಿಲ್ಲ. ಮನೆಯಲ್ಲೂ ಕೆಲವು ಸಲ ಬರೆಯುವುದಿಲ್ಲ, ಹೆಂಡತಿ ಬೈಯುತ್ತಾಳೆ.

ನಮ್ಮದು ನಾಲ್ಕು ಗಂಟೆಯ ಬಿಸಿಲಿಗೆ ಮುಗಿಯಿತು. 1988ರ ಜುಲೈ 3ರಂದು ಹಾಗೆ ಮುಗಿಯಲಿಲ್ಲ. ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಪರ್ಷಿಯನ್ ಕೊಲ್ಲಿಯಲ್ಲಿತ್ತು. ಇರಾನಿನ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನ ಎಂದು ತಿಳಿದು ಹೊಡೆದು ಬೀಳಿಸಿತು. 290 ಜನ ಸತ್ತರು. ಆ ಕಾಲಕ್ಕೆ ಆ ಹಡಗಿನಲ್ಲಿದ್ದದ್ದು ಅತ್ಯಂತ ಮುಂದುವರಿದ ವ್ಯವಸ್ಥೆ. ಅದರ ರಾಡಾರ್ ದಾಖಲೆಯಲ್ಲಿ ವಿಮಾನ ಮೇಲೇರುತ್ತಿತ್ತು, ಅಂದರೆ ಸರಿಯಾಗಿಯೇ ಇತ್ತು. ಕೋಣೆಯಲ್ಲಿದ್ದವರಿಗೆ ಕೇಳಿಸಿದ್ದು ಮಾತ್ರ ಅದು ಕೆಳಗಿಳಿಯುತ್ತಾ ತಮ್ಮತ್ತ ಬರುತ್ತಿದೆ ಅಂತ.

ಹೇಗೆ? ಕಾರಣ ಹಲವು. ಹಡಗು ಆಗ ಸಣ್ಣ ದೋಣಿಗಳ ಜೊತೆ ಕಾದಾಡುತ್ತಿತ್ತು, ಎಲ್ಲರ ಎದೆ ಹೊಡೆದುಕೊಳ್ಳುತ್ತಿತ್ತು, ದಾಳಿ ಆಗಬಹುದು ಎಂದು ಮೊದಲೇ ಮನಸ್ಸಿಗೆ ಬಂದಿತ್ತು. ಆಮೇಲೆ ನಡೆದ ವಿಶ್ಲೇಷಣೆಗಳಲ್ಲಿ ಇನ್ನೊಂದು ಸಣ್ಣ ವಿಷಯ ಹೊರಬಿತ್ತು. ರಾಡಾರ್‌ನಲ್ಲಿ ಕಂಡ ಪ್ರತಿಯೊಂದು ವಿಮಾನಕ್ಕೂ ಕಂಪ್ಯೂಟರ್ ಒಂದು ನಂಬರ್ ಕೊಡುತ್ತದೆ. ವಿನ್ಸೆನ್ಸ್ ಆ ವಿಮಾನಕ್ಕೆ 4474 ಎಂದು ಕೊಟ್ಟಿತು. ಹತ್ತಿರವಿದ್ದ ಇನ್ನೊಂದು ಹಡಗು ಅದೇ ವಿಮಾನಕ್ಕೆ 4131 ಎಂದು ಕೊಟ್ಟಿತ್ತು. ಎರಡೂ ಹಡಗಿನ ಕಂಪ್ಯೂಟರ್‌ಗಳು ಮಾತಾಡಿಕೊಂಡು, ಇವೆರಡೂ ಒಂದೇ ಎಂದು ಗುರುತಿಸಿ 4131 ಅನ್ನು ಉಳಿಸಿಕೊಂಡವು. ಇಲ್ಲಿಗೆ ಎಲ್ಲ ಸರಿ, ಜಾಣ ಕೆಲಸ. ಖಾಲಿಯಾದ 4474 ವ್ಯರ್ಥ ಆಗಬಾರದಲ್ಲ? ಅದು ಬಹಳ ದೂರದಲ್ಲಿದ್ದ ಅಮೆರಿಕದ್ದೇ ಇನ್ನೊಂದು ವಿಮಾನಕ್ಕೆ ಹೋಯಿತು. ಕ್ಯಾಪ್ಟನ್ ತಲೆಯಲ್ಲಿ ಹಳೆ ನಂಬರೇ ಇತ್ತು. '4474 ಏನು ಮಾಡುತ್ತಿದೆ?' ಎಂದು ಕೇಳಿದ. 4474 ಕೆಳಗಿಳಿಯುತ್ತಿತ್ತು.

ನೆಟ್‌ವರ್ಕ್ ಕೆಟ್ಟಿರಲಿಲ್ಲ. ಸುದ್ದಿ ತಡವಾಗಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಒಂದು ಹೆಸರು ಯಜಮಾನನನ್ನು ಬದಲಿಸಿತ್ತು, ಅದು ಮನುಷ್ಯನಿಗೆ ತಿಳಿದಿರಲಿಲ್ಲ.

(ಇಲ್ಲಿ ನಿಜವಾಗಿಯೂ ವಿಮಾನಗಳು ಹೋದವು. ವಾಯುಪಡೆಯ ಪ್ರದರ್ಶನ ತಂಡ ಸೂರ್ಯಕಿರಣದ ಅಭ್ಯಾಸವೋ ಏನೋ. ನಾನು ನಿಲ್ಲಿಸಿದೆ, ಹುಡುಗರು ನಕ್ಕರು.)

ಮುಂದೆ ನಮ್ಮವರನ್ನು ನಾವೇ ಗುರುತಿಸದಿರುವ ಕಷ್ಟ. 1994ರ ಏಪ್ರಿಲ್ 14, ಉತ್ತರ ಇರಾಕ್. ಅಮೆರಿಕದ ಎರಡು ಎಫ್-15 ವಿಮಾನಗಳು ಅಮೆರಿಕದ್ದೇ ಸೈನ್ಯದ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಹೊಡೆದು ಬೀಳಿಸಿದವು. 26 ಜನ ಹೋದರು. ಮೇಲೆ ಹದ್ದಿನ ಕಣ್ಣಿನ ಹಾಗೆ, ರಾಡಾರ್ ಹೊತ್ತು ನಿಗಾ ಇಡುವ ಅವಾಕ್ಸ್ ವಿಮಾನ ಇತ್ತು, ಎರಡೂ ಕಡೆಯವರು ಅದರ ಜೊತೆ ಮಾತಾಡಿದ್ದರು. ಆದರೆ ಎಫ್-15 ವಾಯುಪಡೆಯದು, ಹೆಲಿಕಾಪ್ಟರ್ ಭೂಸೇನೆಯದು. ಆ ಪ್ರದೇಶದ ಒಳಗೆ ಬಂದರೆ ಗುರುತಿನ ಕೋಡ್ ಬದಲಿಸಬೇಕು ಎಂಬುದು ಹೆಲಿಕಾಪ್ಟರಿನವರಿಗೆ ಗೊತ್ತೇ ಇರಲಿಲ್ಲ. ರೇಡಿಯೋದಲ್ಲಿ ಅವರು ಒಂದು ಚಾನೆಲ್, ಇವರು ಇನ್ನೊಂದು. ವಾಯುಪಡೆಯ ದಿನದ ಪಟ್ಟಿಯಲ್ಲಿ ಹೆಲಿಕಾಪ್ಟರ್‌ಗಳ ಹೊತ್ತುಗೊತ್ತು ಸರಿಯಾಗಿ ಇರಲಿಲ್ಲ. ಮೂರು ವರ್ಷದಿಂದ ಎರಡೂ ಕಡೆಯವರು ಅದೇ ಆಕಾಶದಲ್ಲಿ ಹಾರುತ್ತಿದ್ದರು. ಏನೂ ಆಗಿರಲಿಲ್ಲ, ಆದ್ದರಿಂದ ಎಲ್ಲ ಸರಿ ಇದೆ ಅಂದುಕೊಂಡಿದ್ದರು.

ಇದು ಪರದೇಶದ ಕಥೆ ಮಾತ್ರ ಅಲ್ಲ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಂನಲ್ಲಿ ನಮ್ಮದೇ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಬಿತ್ತು. ಆರು ಮಂದಿ ವಾಯುಪಡೆಯವರು, ಕೆಳಗಿದ್ದ ಒಬ್ಬ ನಾಗರಿಕ. ಅದು ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರು ಅದೇ ವರ್ಷ ಬಹಿರಂಗವಾಗಿ ಒಪ್ಪಿಕೊಂಡರು. ಇದರ ಬಗ್ಗೆ ಹೆಚ್ಚು ಮಾತಾಡಲು ನನಗೆ ಮನಸ್ಸಿಲ್ಲ.

ಒಂದು ಹುಡುಗಿ ಕೈ ಎತ್ತಿದ್ದಾಳೆ. ಕೇಳಮ್ಮ.

'ಸರ್, ಹಂಗಾದ್ರ ಎಲ್ಲಾರಿಗೂ ಎಲ್ಲಾ ತೋರಿಸಿಬಿಟ್ರೆ ಮುಗೀತಲ್ರಿ? ಒಂದೇ ನಕ್ಷೆ, ಎಲ್ಲಾರ ಮುಂದೂ.'

ಒಳ್ಳೆ ಪ್ರಶ್ನೆ. ದೊಡ್ಡ ದೊಡ್ಡವರೂ ಇದನ್ನೇ ಕೇಳಿದ್ದಾರೆ. ಕಾರ್ಗಿಲ್ ಯುದ್ಧ ಆದಮೇಲೆ, 1999ರ ಜುಲೈನಲ್ಲಿ, ರಕ್ಷಣಾ ವಿಷಯಗಳ ತಜ್ಞ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಒಂದು ಸಮಿತಿ ಆಯಿತು. ಬೇರೆ ಬೇರೆ ಸಂಸ್ಥೆಗಳಿಗೆ ಸಿಕ್ಕ ತುಣುಕುಗಳನ್ನು ಒಟ್ಟು ಮಾಡಿ ನೋಡುವ ವ್ಯವಸ್ಥೆ ಗಟ್ಟಿಯಾಗಿಲ್ಲ ಎಂಬುದು ಅದು ಎತ್ತಿ ತೋರಿಸಿದ ದೋಷಗಳಲ್ಲಿ ಒಂದು. ಆಮೇಲೆಯೇ 2002ರಲ್ಲಿ ಮೂರೂ ಪಡೆಗಳಿಗೆ ಸೇರಿದ ರಕ್ಷಣಾ ಗುಪ್ತಚರ ಸಂಸ್ಥೆ ಬಂದದ್ದು. ಅಮೆರಿಕದಲ್ಲೂ 2001ರ ಸೆಪ್ಟೆಂಬರ್ ದಾಳಿಯ ನಂತರ ಇದೇ ಮಾತು ಬಂತು. 'ಬೇಕಾದವನಿಗೆ ಮಾತ್ರ' ಎಂಬ ಹಳೆ ನಿಯಮ ಬಿಡಿ, ಹಂಚಿ ಅಂತ.

ಹಂಚಿದರು. 2010ರಲ್ಲಿ ಇರಾಕ್‌ನಲ್ಲಿದ್ದ ಒಬ್ಬ ಕೆಳದರ್ಜೆಯ ಸೇನಾ ವಿಶ್ಲೇಷಕ ಎರಡೂವರೆ ಲಕ್ಷ ರಾಯಭಾರ ಪತ್ರಗಳನ್ನು ಹೊರಗೆ ಹಾಕಿದ್ದು ಜಗತ್ತಿಗೇ ಗೊತ್ತಾಯಿತು. ನಕಲು ಮಾಡಿದ್ದು ಹಾಡಿನ ಸಿಡಿಯ ಹೆಸರು ಬರೆದ ಡಿಸ್ಕಿನಲ್ಲಿ. ಅಷ್ಟು ಪತ್ರ ಆ ಕುರ್ಚಿಗೆ ಬೇಕಿತ್ತೇ? ಬೇಕಿರಲಿಲ್ಲ. ಆದರೆ ಬೀಗ ತೆಗೆದಿದ್ದರು. ಅದಕ್ಕೂ ಎರಡು ವರ್ಷ ಮೊದಲು, 2008ರಲ್ಲಿ, ಯಾರೋ ಒಂದು ಪೆನ್‌ಡ್ರೈವ್ ಚುಚ್ಚಿದ್ದಕ್ಕೆ ಅದೇ ದೇಶದ ಗುಪ್ತ ಸೇನಾ ನೆಟ್‌ವರ್ಕ್‌ಗೇ ಕಂಪ್ಯೂಟರ್ ವೈರಸ್ಸಿನ ಹುಳ ಹತ್ತಿತ್ತು. ಹೊರಗಿನ ಇಂಟರ್ನೆಟ್‌ಗೂ ಅದಕ್ಕೂ ಸಂಬಂಧ ಇಲ್ಲ ಎಂದು ನಂಬಿದ್ದ ನೆಟ್‌ವರ್ಕ್ ಅದು. ತಂತಿ ಇಲ್ಲದಿದ್ದರೇನು, ಜೇಬು ಇದೆಯಲ್ಲ.

ಯಾರು ಏನು ಓದಬಹುದು, ಎಲ್ಲಿ ಬರೆಯಬಹುದು ಎಂಬುದಕ್ಕೆ ಕಾಗದದ ಮೇಲೆ ಒಂದು ಚಂದದ ಲೆಕ್ಕ ಇದೆ. 1970ರ ದಶಕದಲ್ಲಿ ಬೆಲ್ ಮತ್ತು ಲಪಡೂಲ ಎಂಬ ಇಬ್ಬರು ಕಂಪ್ಯೂಟರ್ ತಜ್ಞರು ಬರೆದದ್ದು. ಕೆಳಗಿನವನು ಮೇಲಿನದನ್ನು ಓದಬಾರದು, ಮೇಲಿನವನು ಕೆಳಗಿನದರಲ್ಲಿ ಬರೆಯಬಾರದು. ಮೊದಲನೆಯದು ಎಲ್ಲರಿಗೂ ಅರ್ಥವಾಗುತ್ತದೆ. ಎರಡನೆಯದು ಯಾಕೆ? ಗುಟ್ಟು ಓದಿದ ಮೇಲಿನವನು ಕೆಳಗಿನ ಕಡತದಲ್ಲಿ ಏನಾದರೂ ಗೀಚಿದರೆ ಗುಟ್ಟು ಸೋರಿತು. ಸರಿ. ಆದರೆ ಯುದ್ಧದಲ್ಲಿ ಮೇಲಿನವನಿಗೆ ಗೊತ್ತಿರುವ ಗುಟ್ಟು, 'ಆ ಕಣಿವೆಗೆ ಹೋಗಬೇಡ, ಅಲ್ಲಿ ಶತ್ರು ಇದ್ದಾನೆ' ಎಂಬುದು, ಬೇಕಾಗಿರುವುದು ಯಾರಿಗೆ? ಎಲ್ಲಕ್ಕಿಂತ ಕೆಳಗಿನ ಸಿಪಾಯಿಗೆ. ಹೇಗೆ ಗೊತ್ತಾಯಿತು ಎಂಬುದನ್ನು ಮುಚ್ಚಿಟ್ಟು, ಏನು ಗೊತ್ತಾಯಿತು ಎಂಬುದನ್ನಷ್ಟೇ ಇಳಿಸಬೇಕು. ಅದನ್ನು ಕಂಪ್ಯೂಟರ್ ತಾನಾಗಿ ಮಾಡಲಾರದು. ಒಬ್ಬ ಮನುಷ್ಯ ಕೂತು, ಓದಿ, ಹೊಡೆದುಹಾಕಿ, ಸಹಿ ಮಾಡಬೇಕು. ಆ ಮನುಷ್ಯ ಊಟಕ್ಕೆ ಹೋಗಿದ್ದರೆ ಸಿಪಾಯಿ ಕಾಯಬೇಕು. ಆದ್ದರಿಂದ ತಂಗಿ, ಎಲ್ಲರಿಗೂ ಒಂದೇ ನಕ್ಷೆ ಅಂದೆಯಲ್ಲ, ನಕ್ಷೆ ಒಂದೇ ಇರಬಹುದು. ನಿನಗೆ ಕಾಣುವಷ್ಟು ನನಗೆ ಕಾಣಬಾರದು. ಆದರೂ ನಾವಿಬ್ಬರೂ ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ತಪ್ಪಬಾರದು. ಇದಕ್ಕೆ ಪೂರ್ತಿ ಉತ್ತರ ಯಾವ ಸೈನ್ಯದ ಹತ್ತಿರವೂ ಇಲ್ಲ.

ನಮ್ಮ ದೇಶದ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ, ಇದು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. 2010ರ ಸೆಪ್ಟೆಂಬರ್‌ನಲ್ಲಿ ವಾಯುಪಡೆಯ ಸ್ವಂತ ನೆಟ್‌ವರ್ಕ್ ಎಎಫ್‌ನೆಟ್ ಶುರುವಾಯಿತು. ಅದರ ಮೇಲೆ ರಾಡಾರ್‌ಗಳ ಚಿತ್ರವನ್ನು ಒಂದುಗೂಡಿಸುವ ವ್ಯವಸ್ಥೆ ಕೂತಿದೆ. ಭೂಸೇನೆಗೆ ಅಂಥದ್ದೇ ವಾಯುರಕ್ಷಣೆಯ ವ್ಯವಸ್ಥೆ 'ಆಕಾಶತೀರ್'. 2023ರಲ್ಲಿ 1,982 ಕೋಟಿ ರೂಪಾಯಿಗೆ ಗುತ್ತಿಗೆ ಆಯಿತು, ಮಾಡುತ್ತಿರುವುದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್. ನೌಕಾಪಡೆಗೆ 2013ರಲ್ಲಿ, ವಾಯುಪಡೆಗೆ 2018ರಲ್ಲಿ ಉಪಗ್ರಹ ಹೋದವು. ಅವು ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಹೋಗಿ ಇಳಿಯಲು ಕಾಲು ಸೆಕೆಂಡ್. ಫೋನಿನಲ್ಲಿ ಅದು ಏನೂ ಅಲ್ಲ. ಕ್ಷಿಪಣಿಯ ಲೆಕ್ಕದಲ್ಲಿ ಅದು ನೂರಾರು ಮೀಟರ್.

ಕಾಲು ಸೆಕೆಂಡ್ ಅಂದಾಗ ಒಂದು ನೆನಪಾಯಿತು. 1991ರ ಕೊಲ್ಲಿ ಯುದ್ಧ, ಸೌದಿಯ ದಹ್ರಾನ್. ಅಮೆರಿಕದ ಪೇಟ್ರಿಯಟ್ ಎಂಬ ಕ್ಷಿಪಣಿ ತಡೆಯುವ ಯಂತ್ರ. ಅದರ ಗಡಿಯಾರದ ಲೆಕ್ಕದಲ್ಲಿ ಒಂದು ಸಣ್ಣ ದೋಷ, ನಿಲ್ಲಿಸದೆ ಓಡಿಸಿದಷ್ಟೂ ಬೆಳೆಯುತ್ತದೆ. ನೂರು ಗಂಟೆ ಓಡಿದಾಗ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಫೆಬ್ರವರಿ 25ರಂದು ಇರಾಕಿನ ಸ್ಕಡ್ ಕ್ಷಿಪಣಿ ಬಂತು, ಯಂತ್ರ ತಪ್ಪು ಜಾಗದಲ್ಲಿ ನೋಡಿತು, 28 ಸೈನಿಕರು ಸತ್ತರು. ಈ ಕಥೆಯನ್ನು ಕಂಪ್ಯೂಟರ್ ಮೇಷ್ಟ್ರುಗಳು ದಶಮಾಂಶದ ಪಾಠಕ್ಕೆ ಹೇಳುತ್ತಾರೆ. ನಾನು ಬೇರೆ ಕಾರಣಕ್ಕೆ ಹೇಳುತ್ತೇನೆ. ದೋಷ ಮೊದಲೇ ಗೊತ್ತಿತ್ತು! ಇಸ್ರೇಲಿನವರು ಎರಡು ವಾರ ಮೊದಲೇ ತಿಳಿಸಿದ್ದರು. ಘಟನೆಗೆ ನಾಲ್ಕು ದಿನ ಮುಂಚೆ ಎಲ್ಲ ಘಟಕಗಳಿಗೂ ಸೂಚನೆ ಹೋಗಿತ್ತು, 'ತುಂಬಾ ಹೊತ್ತು ಓಡಿಸಿದರೆ' ತೊಂದರೆ ಆಗಬಹುದು ಅಂತ. ತುಂಬಾ ಹೊತ್ತು ಅಂದರೆ ಎಷ್ಟು? ಎಂಟು ಗಂಟೆಯೋ, ಎಂಟು ದಿನವೋ? ಬರೆದಿರಲಿಲ್ಲ. ಬರೆದವನಿಗೆ ಗೊತ್ತಿತ್ತು, ಓದಿದವನಿಗೆ ಗೊತ್ತಿರಲಿಲ್ಲ. ಅಷ್ಟಕ್ಕೂ ಬೇಕಾಗಿದ್ದದ್ದು ನಡುವೆ ಒಮ್ಮೆ ಆಫ್ ಮಾಡಿ ಆನ್ ಮಾಡುವುದು. ಸರಿಪಡಿಸಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು 26ನೇ ತಾರೀಕು.

ನನ್ನ ಹಳೆ ಸೇತುವೆಗೂ ಆ 'ತುಂಬಾ ಹೊತ್ತು' ಎಂಬುದಕ್ಕೂ ಏನು ವ್ಯತ್ಯಾಸ? ನನಗೆ ಕಾಣುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಶಾಲೆಯಿಂದ ಕರೆದುಕೊಂಡು ಹೋಗಿರುತ್ತಾರೆ, ನೀಲಿ ಹಂಚು ನೋಡಿರುತ್ತೀರಿ, ಸಿಡಿಲಿಗೆ ಮದ್ದು ಸಿಡಿದು ಒಂದು ಮಿನಾರು ಬಿದ್ದದ್ದನ್ನು ಕೇಳಿರುತ್ತೀರಿ. ಗವಾನ್ ಬಹಮನಿ ರಾಜ್ಯದ ದೊಡ್ಡ ವಜೀರ. ಪರ್ಷಿಯಾದ ಗೀಲಾನಿನಿಂದ ಬಂದವನು. ದೊಡ್ಡ ಪತ್ರ ಬರಹಗಾರ ಕೂಡ. ರಾಜ್ಯದ ಒಂದೊಂದು ಮೂಲೆಗೂ, ದೂರದ ಸುಲ್ತಾನರಿಗೂ ಅವನ ಕಾಗದ ಹೋಗುತ್ತಿತ್ತು. ಇಂದಿನ ಮಾತಲ್ಲಿ ಹೇಳಿದರೆ ಆ ಕಾಲದ ನೆಟ್‌ವರ್ಕ್ ಅವನ ಮುದ್ರೆಯ ಮೇಲೆ ನಿಂತಿತ್ತು.

ಅವನ ವೈರಿಗಳು ಏನು ಮಾಡಿದರು? ಕೈಬರಹ ನಕಲು ಮಾಡಲಿಲ್ಲ, ಮುದ್ರೆ ಕದಿಯಲಿಲ್ಲ. ಮುದ್ರೆ ನೋಡಿಕೊಳ್ಳುವವನನ್ನು ಸ್ನೇಹ ಮಾಡಿಕೊಂಡು, ಒಂದು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡರು. ಆಮೇಲೆ ಆರಾಮಾಗಿ ಕೂತು ಅದರ ಮೇಲೆ ಬರೆದರು, ಒಡಿಶಾದ ರಾಜನಿಗೆ, ಈ ರಾಜ್ಯದ ಮೇಲೆ ದಂಡೆತ್ತಿ ಬಾ ಅಂತ. ಅದನ್ನು ಸುಲ್ತಾನ ಮೂರನೇ ಮಹಮ್ಮದ್ ಶಾಹನ ಕೈಗೆ ಮುಟ್ಟಿಸಿದರು. ಸುಲ್ತಾನ ಕರೆಸಿ ಕೇಳಿದ. ಮುದ್ರೆ ನನ್ನದೇ, ಕಾಗದ ನನ್ನದಲ್ಲ ಎಂದು ಗವಾನ್ ಹೇಳಿದನಂತೆ. ಇದಕ್ಕಿಂತ ನಿಖರವಾದ ತಾಂತ್ರಿಕ ವರದಿ ನಾನು ನೌಕರಿಯಲ್ಲಿ ಓದಿಲ್ಲ. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಹೋದ. ಆಮೇಲೆ ರಾಜ್ಯ ಐದು ಹೋಳಾದ ಕಥೆ ನಿಮಗೆ ಗೊತ್ತೇ ಇದೆ.

ಈಗಿನ ಡಿಜಿಟಲ್ ಸಹಿ ಈ ಒಂದು ಕೊರತೆಯನ್ನು ತುಂಬುತ್ತದೆ. ಅದು ಕಾಗದಕ್ಕೆ ಒತ್ತುವ ಮುದ್ರೆ ಅಲ್ಲ, ಬರೆದ ಅಕ್ಷರಗಳಿಂದಲೇ ಲೆಕ್ಕ ಹಾಕಿ ತೆಗೆಯುವ ಮುದ್ರೆ. ಒಂದು ಅಕ್ಷರ ಬದಲಾದರೂ ಮುದ್ರೆ ಒಡೆಯುತ್ತದೆ. ಖಾಲಿ ಹಾಳೆಗೆ ಹಾಕಿಸಿಕೊಂಡ ಸಹಿ ಬೇರೆ ಹಾಳೆಗೆ ಕೂಡುವುದಿಲ್ಲ.

ಆ ಔರಾದ್ ಹುಡುಗರಲ್ಲಿ ಒಬ್ಬ ಎದ್ದು ಕೇಳಿದ. 'ಹಂಗಾದ್ರ ಸರ್, ಈಗಿನ ಕಾಲದಾಗ ಇದ್ದಿದ್ರೆ ಗವಾನ್ ಉಳೀತಿದ್ನೇನ್ರಿ?'

ಇಲ್ಲ ಅನ್ನಿಸುತ್ತದೆ, ಎಂದೆ. ಮುದ್ರೆಯವನನ್ನು ಸ್ನೇಹ ಮಾಡಿಕೊಂಡವರು ಪಾಸ್‌ವರ್ಡ್ ಇಟ್ಟವನನ್ನೂ ಸ್ನೇಹ ಮಾಡಿಕೊಳ್ಳುತ್ತಾರೆ. ಪೂರ್ತಿ ಬರೆದ ಕಾಗದವನ್ನೇ ಮುಂದಿಟ್ಟು ಸಹಿ ಹಾಕಿಸುತ್ತಾರೆ. ಇನ್ನು ಸುಲ್ತಾನ, ಅವನಿಗೆ ಆ ಕಾಗದ ನಂಬಬೇಕೆಂದೇ ಇತ್ತು.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದರು. ಬಿಳಿ ಟೋಪಿ, ಕೈಯಲ್ಲಿ ಕೋಲು. ಹಿಂದೆ ತಾರ್, ಅಂದರೆ ಟೆಲಿಗ್ರಾಂ ಆಫೀಸಿನಲ್ಲಿ ಇದ್ದವರಂತೆ. ದೇಶದಲ್ಲಿ ತಾರ್ ಸೇವೆ 2013ರಲ್ಲಿ ನಿಂತೇ ಹೋಯಿತಲ್ಲ. ಅಂಕಿ ಬಂದರೆ ತಪ್ಪಬಾರದೆಂದು ಅದನ್ನು ಕೊನೆಗೆ ಇನ್ನೊಮ್ಮೆ ಕಳಿಸುತ್ತಿದ್ದೆವು ಎಂದರು. ಶುಭಾಶಯದ ಸಿದ್ಧ ವಾಕ್ಯಗಳಿಗೆ ಒಂದೊಂದು ನಂಬರ್ ಇರುತ್ತಿತ್ತು, ಒಂದು ನಂಬರ್ ತಪ್ಪಿದರೆ ಮದುವೆ ಮನೆಗೆ ದೀಪಾವಳಿ ಶುಭಾಶಯ ಹೋಗುತ್ತಿತ್ತು ಎಂದು ನಕ್ಕರು. ಆಮೇಲೆ ಹೇಳಿದರು:

'ಆದ್ರ ಸಾಹೇಬ್ರ, ನಮ್ಮ ಕಡಿ ಹಳ್ಳಿಯಾಗ ತಾರ್ ಬಂತಂದ್ರ ಸಾಕು, ಬಿಚ್ಚೂದ್ರೊಳಗ ಹೆಣ್ಮಕ್ಳು ಅಳಾಕ ಶುರು ಮಾಡ್ತಿದ್ರು. ಓದಿ ನೋಡಿದ್ರ ಮಗನಿಗಿ ನೌಕ್ರಿ ಸಿಕ್ಕಿರ್ತಿತ್ತು. ಅದಕ್ಕ ನಮ್ಮ ಪೋಸ್ಟ್‌ಮ್ಯಾನ್ ಬಾಗಿಲಾಗ ನಿಂತು ಮೊದ್ಲು ಹಲ್ಲು ಕಿಸೀತಿದ್ದ. ಆಮ್ಯಾಲ ತಾರ್ ಕೊಡ್ತಿದ್ದ.'